ಬೆನ್ನಿನ ಗೋಡೆ

ಈ ನಗರದ ಚರಿತ್ರೆ ಬರೆದವರು ಸೇತುವೆ ಬರೆದಿದ್ದಾರೆ, ಗಡಿಯಾರದ ಗೋಪುರ ಬರೆದಿದ್ದಾರೆ, ಯಾವ ದೊರೆ ಯಾವ ಬಾಗಿಲಿನಿಂದ ಒಳಗೆ ಬಂದ ಎಂದೂ ಬರೆದಿದ್ದಾರೆ. ಅವರೆಲ್ಲ ಕೈಬಿಟ್ಟ ಒಂದು ಗಹನವಾದ ವಿಷಯವನ್ನು ನಾನಿಲ್ಲಿ ಸಕಲ ಗಾಂಭೀರ್ಯದೊಂದಿಗೆ ಎತ್ತಿಕೊಳ್ಳುತ್ತಿದ್ದೇನೆ. ಓದುವವರು ಸ್ವಲ್ಪ ನೆಟ್ಟಗೆ ಕೂರಬೇಕು. ವಿಷಯ ಇದು: ರಾತ್ರಿ ಪಾಳಿಯಲ್ಲಿ ಬೀದಿ ಗುಡಿಸುವ ನಾಲ್ಕು ಜನ ಹೆಂಗಸರು ಉಚ್ಚೆ ಹೊಯ್ಯುವುದು ಎಲ್ಲಿ?

ಗಂಡಸರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅವರಿಗೆ ಊರೆಲ್ಲ ಗೋಡೆ. 'ಇಲ್ಲಿ ಮೂತ್ರ ಮಾಡಬಾರದು' ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು, ಜಾಗ ಹುಡುಕುವ ಕಷ್ಟ ತಪ್ಪುತ್ತದೆ. ಆ ಗೋಡೆಯ ಬುಡಕ್ಕೆ ಬ್ಲೀಚಿಂಗ್ ಪೌಡರ್ ಹಾಕುವವರು ನಾವು. ನಾವು ಮಾತ್ರ ಎಲ್ಲೂ ಕೂರುವ ಹಾಗಿಲ್ಲ.

ಸಾರ್ವಜನಿಕ ಶೌಚಾಲಯಕ್ಕೆ ಸಂಜೆಯೇ ಬೀಗ ಬೀಳುತ್ತದೆ. ಸಾರ್ವಜನಿಕರು ರಾತ್ರಿ ಮನೆಯಲ್ಲಿರುತ್ತಾರೆ ಎಂಬುದು ಲೆಕ್ಕ. ಆಸ್ಪತ್ರೆಯ ಕಾವಲುಗಾರ "ಪೇಷಂಟ್ ಯಾರು?" ಎನ್ನುತ್ತಾನೆ. ಪೆಟ್ರೋಲ್ ಬಂಕಿನವನು "ಗಾಡಿ ಎಲ್ಲಿ?" ಎನ್ನುತ್ತಾನೆ. ನಾವು ರೇಡಿಯೊ ಎಂದು ಕರೆಯುವವಳು ಒಂದು ಸಲ ಕಸದ ತಳ್ಳುಗಾಡಿ ತೋರಿಸಿ, "ಇದೇ ಗಾಡಿ. ಟ್ಯಾಂಕ್ ತುಂಬಿಬಿಟ್ಟಿದೆ, ಖಾಲಿ ಮಾಡ್ಬೇಕಿತ್ತು" ಎಂದಳು. ಅವನು ಬಿದ್ದು ಬಿದ್ದು ನಕ್ಕ. ಕೀಲಿ ಕೊಡಲಿಲ್ಲ.

ನಮ್ಮ ಪಾಳಿ ನೋಡಿಕೊಳ್ಳುವ ಮೇಸ್ತ್ರಿಯನ್ನು ಕೇಳಿದೆವು. ಅವನು ಸಂಸಾರಸ್ಥ, ಮರ್ಯಾದಸ್ಥ. ಇಂಥ ಮಾತು ಕಿವಿಗೆ ಬಿದ್ದರೆ ಅವನ ಮುಖ ಕೆಂಪಾಗುತ್ತದೆ.

"ಅದನ್ನೆಲ್ಲ ಮನೇಲೇ ಮುಗಿಸ್ಕೊಂಡು ಬರಬೇಕಮ್ಮ" ಎಂದ.

"ಊಟಾನೂ ಮನೇಲೇ ಮುಗಿಸ್ತೀರಲ್ಲ ಸಾರ್, ಮತ್ತೆ ಕೆಲಸದ ಮಧ್ಯೆ ಟೀ ಯಾಕೆ ಕುಡೀತೀರಿ?" ಎಂದಳು ಅತ್ತಿಗೆ.

ಆ ವಾರ ಅತ್ತಿಗೆಗೆ ಮಾಂಸದ ಅಂಗಡಿಗಳ ಬೀದಿ ಬಿತ್ತು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ತಂಡಕ್ಕೆ ಹಿರಿಯಳು. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ರೇಡಿಯೊ ಎಂದರೆ ಪಕ್ಕದ ಮನೆಯವಳು. ಅವಳಿಗೆ ಆ ಹೆಸರು ಯಾಕೆ ಬಂತೆಂದು ಯಾರೂ ಕೇಳಿಲ್ಲ, ಕೇಳಲು ಅವಳು ಬಿಡುವು ಕೊಟ್ಟಿಲ್ಲ. ಮೂರನೆಯವಳು ಅತ್ತಿಗೆಯ ಸೊಸೆ. ಬಸುರಿ, ಆರು ತಿಂಗಳು. ಗುತ್ತಿಗೆ ಕೆಲಸದಲ್ಲಿ ಹೆರಿಗೆಗೆ ರಜೆ ಕೇಳಿದರೆ ಧಾರಾಳವಾಗಿ ಕೊಡುತ್ತಾರೆ, ವಾಪಸ್ಸು ಕರೆಯುವುದಿಲ್ಲ. ಹಾಗಾಗಿ ಅವಳು ಹೊಟ್ಟೆಯ ಮೇಲೆ ಕೆಲಸದ ಹಸಿರು ಕೋಟಿನ ಗುಂಡಿ ಹಾಕಿಕೊಳ್ಳಲಾಗದೆ, ಬಿಚ್ಚಿಕೊಂಡೇ ಗುಡಿಸುತ್ತಿದ್ದಳು. ನಾಲ್ಕನೆಯವಳು ನಾನು. ಡಿಗ್ರಿ ಓದಿದವಳು. ಅರ್ಜಿ ಹಾಕಿದ ಕಡೆಯೆಲ್ಲ ಅಂಕಪಟ್ಟಿ ನೋಡಿ ಮೆಚ್ಚಿ ನಕ್ಕರು, ಆಮೇಲೆ ವಿಳಾಸ ನೋಡಿದರು. ನಮ್ಮ ಕೇರಿಯ ವಿಳಾಸ ನೋಡಿದ ಮೇಲೆ ಯಾರೂ ನಗುವುದಿಲ್ಲ. ಪೊರಕೆ ವಿಳಾಸ ಕೇಳಲಿಲ್ಲ.

ನಮಗೊಂದು ಜಾಗ ಇತ್ತು. ಎಂದೋ ಮುಚ್ಚಿಹೋದ ಒಂದು ಛಾಪಖಾನೆ. ಅದರ ಹಿಂದೆ ಲಾರಿ ನಿಲ್ಲಿಸುತ್ತಿದ್ದ ಅಂಗಳ, ಅಂಗಳದ ತುದಿಗೆ ಉದ್ದನೆಯ ಗೋಡೆ. ಬೀದಿದೀಪದ ಬೆಳಕು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಗೋಡೆಯ ಬುಡದಲ್ಲಿ ಮಳೆನೀರಿನ ಮೋರಿ, ಇಳಿಜಾರು. ನೆಲ ಗಟ್ಟಿ, ಕಾಲಿಗೆ ಸಿಡಿಯುವುದಿಲ್ಲ. ಹೇಳುತ್ತಾ ಹೋದರೆ ನಿಮಗೆ ಅಸಹ್ಯವಾಗಬಹುದು. ನಮಗೆ ಅದು ಅರಮನೆ. ಊರಿನವರೆಲ್ಲ ತಮ್ಮ ಬೀದಿಗೆ ದೀಪ ಬರಲಿ ಎಂದು ಅರ್ಜಿ ಕೊಡುತ್ತಾರೆ. ನಾವು ಆ ಒಂದು ಮೂಲೆಗೆ ಬರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆವು.

ಕತ್ತಲಿದ್ದರೂ ಸಾಲದು. ಕುಡಿದವರು ಬರುತ್ತಾರೆ, ಪೊಲೀಸ್ ಜೀಪು ಬರುತ್ತದೆ, ಸುಮ್ಮನೆ ಬರುವವರೂ ಬರುತ್ತಾರೆ. ಅದಕ್ಕೆ ನಾವು ಗೋಡೆ ಕಟ್ಟುತ್ತಿದ್ದೆವು. ಇದು ನನ್ನ ಅಮ್ಮನ ಕಾಲದಿಂದ ಬಂದ ಪದ್ಧತಿ. ಒಬ್ಬಳು ಕೂತರೆ ಮೂವರು ಅವಳಿಗೆ ಬೆನ್ನು ಹಾಕಿ ಬೀದಿಯ ಕಡೆ ಮುಖ ಮಾಡಿ ಕಮಾನಿನ ಹಾಗೆ ನಿಲ್ಲುವುದು. ಕೋಟಿನ ಎರಡು ಅಂಚನ್ನೂ ರೆಕ್ಕೆಯ ಹಾಗೆ ಅಗಲಿಸಿ ಹಿಡಿಯುವುದು. ಉದ್ದ ಹಿಡಿಯ ಪೊರಕೆಗಳನ್ನು ಮುಂದೆ ನೆಟ್ಟಗೆ ಊರಿಕೊಳ್ಳುವುದು, ಯಾರಾದರೂ ಹತ್ತಿರ ಬಂದರೆ ಬೇಕಾಗುತ್ತದೆ. ರೇಡಿಯೊ ಜೋರಾಗಿ ಮಾತಾಡುತ್ತಿರುವುದು, ಸದ್ದು ಕೇಳದಿರಲಿ ಎಂದು. ನಿಂತವರು ತಿರುಗಿ ನೋಡುವ ಹಾಗಿಲ್ಲ. ಕೂತವಳು ಅವಸರ ಪಡುವ ಹಾಗಿಲ್ಲ. ಬಸುರಿಯ ಸರದಿ ಯಾವಾಗಲೂ ಮೊದಲು.

ಒಳಗೆ ಕೂತು ತಲೆಯೆತ್ತಿದರೆ ಮೂರು ಬೆನ್ನು ಕಾಣುತ್ತವೆ. ಇಡೀ ದಿನದಲ್ಲಿ ಯಾರೂ ನಮ್ಮನ್ನು ನೋಡದ, ಯಾರೂ ನಮಗೆ ಏನೂ ಹೇಳದ ಹೊತ್ತು ಅದೊಂದೇ.

ಕಲಾವಿದರು ಬಂದದ್ದು ಚಳಿಗಾಲದಲ್ಲಿ.

ಎಂಟೋ ಹತ್ತೋ ಜನ. ಕುತ್ತಿಗೆಯಲ್ಲಿ ಕ್ಯಾಮೆರಾ, ಕಂಕುಳಲ್ಲಿ ಚಿತ್ರದ ಪುಸ್ತಕ. ಒಬ್ಬನ ಕೈಯಲ್ಲಿ ಕೋಲು, ಕೋಲಿನ ತುದಿಗೆ ಬೆಕ್ಕಿನ ಬಾಲದಂಥ ತುಪ್ಪಳ ಹೊದಿಸಿದ ಮೈಕು. ರಾತ್ರಿ ಊಟ ಮುಗಿಸಿ ನಗರ ಸುತ್ತಲು ಹೊರಟವರು. ಅವರ ಮುಂದಾಳು ಗಡ್ಡದವನು. ಅತ್ತಿಗೆಯ ಮುಂದೆ ನಿಂತು ಕೈ ಮುಗಿದ.

"ನಾವು ನಗರದ ರಾತ್ರೀನ ಹುಡುಕ್ತಾ ಇದ್ದೀವಿ ಅಮ್ಮ."

"ಕಳೆದುಹೋಗಿತ್ತೇನಪ್ಪ?" ಎಂದಳು ಅತ್ತಿಗೆ. "ದಿನಾ ಗುಡಿಸ್ತೀವಲ್ಲ, ನಮ್ಮ ಕಣ್ಣಿಗೆ ಬಿದ್ದಿಲ್ಲ."

ಅವರು ಸಂತೋಷದಿಂದ ನಕ್ಕರು. ಈ ಮಾತನ್ನು ಒಬ್ಬ ಬರೆದುಕೊಂಡ.

ಆಮೇಲೆ ಅವರು ಆಗಾಗ ಬರತೊಡಗಿದರು. ತುಪ್ಪಳದ ಮೈಕು ನಮ್ಮ ಪೊರಕೆಯ ಸದ್ದು ಹಿಡಿಯಿತು. ಗಡ್ಡದವನು ಒಂದು ದಿನ ತಾನೇ ಪೊರಕೆ ತೆಗೆದುಕೊಂಡು ಅಂಗೈ ಕೆಂಪಾಗುವ ತನಕ ಗುಡಿಸಿದ. ಗುಡಿಸಿದ ಕಸ ಗಾಳಿಗೆ ಎದುರಾಗಿ ಮತ್ತೆ ರಸ್ತೆಗೇ ಬಂತು. ಅವನು ಕಣ್ಣು ಮುಚ್ಚಿ, "ಇದೊಂಥರ ಧ್ಯಾನ" ಎಂದ.

"ಹಂಗಾದ್ರೆ ಆ ಮೀನಿನ ಮಾರ್ಕೆಟ್ ಬೀದೀನೂ ಧ್ಯಾನ ಮಾಡ್ಬಿಡಪ್ಪ, ಪುಣ್ಯ ಬರುತ್ತೆ" ಎಂದಳು ಅತ್ತಿಗೆ.

ಅವರ ಜೊತೆ ಒಬ್ಬ ಹುಡುಗಿ ಇದ್ದಳು. ಕನ್ನಡಕದವಳು, ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಯುವವಳು. ಸೊಸೆಯ ತಳ್ಳುಗಾಡಿಯನ್ನು ಏರಿನಲ್ಲಿ ತಳ್ಳಿಕೊಟ್ಟಳು. ನಾವು ಕುಡಿದ ಲೋಟದಲ್ಲೇ ಟೀ ಕುಡಿದಳು, ಕುಡಿದದ್ದನ್ನು ನಾವು ಗಮನಿಸಿದೆವೋ ಇಲ್ಲವೋ ಎಂದು ನೋಡಲೂ ಇಲ್ಲ. ಕೆಟ್ಟವಳಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆವು.

ಒಂದು ರಾತ್ರಿ ಅವರು ರಸ್ತೆಯ ಆಚೆ ಬದಿಯಿಂದ ನಮ್ಮನ್ನು ಕಂಡರು. ನಾವು ಗೋಡೆ ಕಟ್ಟಿ ನಿಂತಿದ್ದೆವು. ಒಳಗೆ ಸೊಸೆ ಕೂತಿದ್ದಳು. ಎದುರಿನ ಬೀದಿಯಲ್ಲಿ ಲಾರಿಯೊಂದು ತಿರುಗಿದಾಗ ಅದರ ಬೆಳಕು ಒಂದು ಗಳಿಗೆ ನಮ್ಮ ಮೇಲೆ ಹಾದುಹೋಯಿತು. ಕನ್ನಡಕದವಳು ಫೋಟೊ ಹೊಡೆದಳು. ಮರುದಿನ ಓಡಿಬಂದು ಫೋನಿನಲ್ಲಿ ತೋರಿಸಿದಳು.

ಚೆನ್ನಾಗಿಯೇ ಬಂದಿತ್ತು. ಮೂವರು ಹೆಂಗಸರು, ರೆಕ್ಕೆಯಂಥ ಕೋಟು, ಈಟಿಯಂಥ ಪೊರಕೆ. ನನ್ನನ್ನು ನಾನೇ ಗುರುತು ಹಿಡಿಯದಾದೆ.

"ನೀವು ಏನ್ ಮಾಡ್ತಿದ್ರಿ ಅಲ್ಲಿ? ಪ್ರಾರ್ಥನೆನಾ? ಎಷ್ಟು... ಎಷ್ಟು ಗಂಭೀರವಾಗಿತ್ತು ಅಂದ್ರೆ!"

ನಾವು ಮೂವರೂ ನೆಲ ನೋಡಿದೆವು. ರೇಡಿಯೊಗೆ ನೆಲ ನೋಡಿ ಅಭ್ಯಾಸವಿಲ್ಲ.

"ಉಚ್ಚೆ ಹೊಯ್ತಿದ್ವಿ" ಎಂದಳು. "ನಾವಲ್ಲ, ಇವಳು. ನಾವು ಅಡ್ಡ ನಿಂತಿದ್ವಿ. ಬೇರೆ ಎಲ್ಲಿ ಹೋಗೋದು ತಾಯಿ?" ಎಂದು ಶುರುಮಾಡಿ, ಬೀಗ, ಆಸ್ಪತ್ರೆ, ಬಂಕು, ಮೇಸ್ತ್ರಿಯ ಮರ್ಯಾದೆ ಎಲ್ಲವನ್ನೂ ಹೇಳಿದಳು.

ಕನ್ನಡಕದವಳ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿಕೊಂಡಳು. "ಇದು ಇಡೀ ಊರಿಗೆ ಗೊತ್ತಾಗ್ಬೇಕು" ಎಂದಳು.

"ಗೊತ್ತಾಗ್ಬಾರ್ದು" ಎಂದಳು ಅತ್ತಿಗೆ. "ಗೊತ್ತಿಲ್ದೆ ಇರೋ ತನಕ ಅದು ನಮ್ದು ಮಗಳೆ. ಗೊತ್ತಾದ್ರೆ ಹೋಯ್ತು."

"ನಿಮಗೇನು ಬೇಕು ಹೇಳಿ ಅಮ್ಮ. ನಾವು ಏನಾದ್ರೂ ಮಾಡ್ಲೇಬೇಕು."

ಅತ್ತಿಗೆಗೆ ಯೋಚನೆ ಬೇಕಾಗಲಿಲ್ಲ. ಇಪ್ಪತ್ತು ವರ್ಷ ಯೋಚಿಸಿದ್ದಳು. "ಒಂದು ಕೋಣೆ. ಒಂದು ಬಾಗ್ಲು. ಚಿಲಕ ಒಳಗಡೆ."

"ನಾವು ಕಲಾವಿದರಮ್ಮ" ಎಂದ ಗಡ್ಡದವನು, ಪ್ರಾಮಾಣಿಕವಾದ ದುಃಖದಿಂದ. "ಕಟ್ಟೋದು ನಗರಸಭೆ. ನಾವು ಪ್ರಶ್ನೆ ಎತ್ತಬಹುದು."

"ಪ್ರಶ್ನೆ ಎತ್ತೋ ಬದ್ಲು ನಾಲ್ಕು ಇಟ್ಟಿಗೆ ಎತ್ತಿ" ಎಂದಳು ರೇಡಿಯೊ.

ಅದನ್ನೂ ಬರೆದುಕೊಂಡರು.

ಕೆಲವು ವಾರ ಅವರ ಸುಳಿವಿಲ್ಲ. ಬೇರೆ ಬೀದಿಯ ರಾತ್ರಿ ಹುಡುಕುತ್ತಿರಬೇಕು ಎಂದುಕೊಂಡೆವು. ಒಂದು ಸಂಜೆ ಪಾಳಿಗೆ ಬರುವಾಗ ಛಾಪಖಾನೆಯ ಅಂಗಳದಲ್ಲಿ ಬಿದಿರಿನ ಅಟ್ಟಣಿಗೆ ಕಾಣಿಸಿತು. ಅದರ ಮೇಲೆ ಕನ್ನಡಕದವಳು, ಮೈಯೆಲ್ಲ ಬಣ್ಣ. ಗೋಡೆಗೆ ಸುಣ್ಣ ಬಳಿದಾಗಿತ್ತು. ಸುಣ್ಣದ ಮೇಲೆ ನಾವಿದ್ದೆವು.

ಮೂರಾಳೆತ್ತರ. ಹಸಿರು ಕೋಟು, ಅಗಲಿಸಿದ ರೆಕ್ಕೆ, ನೆಟ್ಟಗೆ ಹಿಡಿದ ಪೊರಕೆ. ಮುಖದ ಜಾಗದಲ್ಲಿ ಮುಖವಿರಲಿಲ್ಲ, ನುಣ್ಣಗೆ ಒಂದೇ ಬಣ್ಣ. ಮೂವರ ಹಿಂದೆ, ಸೊಸೆ ಕೂರುವ ಜಾಗದಲ್ಲಿ, ಸೂರ್ಯ ಹುಟ್ಟುತ್ತಿದ್ದ. ನೆಲದಲ್ಲಿ ಸಾಲಾಗಿ ದೀಪ ಹೂತಿದ್ದರು, ಚಿತ್ರದ ಮೇಲೆ ಬೆಳಕು ಬೀಳುವ ಹಾಗೆ. ಮೋರಿಯ ಮೇಲೆ ಕಲ್ಲುಚಪ್ಪಡಿ ಹಾಸಿ, ನೋಡುವವರು ಕೂರಲಿ ಎಂದು ಬೆಂಚು ಇಟ್ಟಿದ್ದರು. ಅಂಗಳವೆಲ್ಲ ಹಗಲಾಗಿತ್ತು.

ಕನ್ನಡಕದವಳು ಇಳಿದು ಬಂದಳು. "ಅಮ್ಮ, ನೋಡಿದ್ರಾ? ನಿಮ್ಮನ್ನ ಕೇಳ್ದೆ ಮಾಡ್ಬಾರ್ದು ಅಂತ ಇತ್ತು. ಮೇಸ್ತ್ರಿಯವರನ್ನ ಕೇಳಿದ್ವಿ. ನಿಮ್ಮ ಪರವಾಗಿ ಅವರು ಒಪ್ಪಿದ್ರು. ಮುಖ ಬರೆದಿಲ್ಲ, ಭಯ ಬೇಡ. ಯಾರ ಮುಖ ಆದ್ರೂ ಆಗಬಹುದು."

ಅತ್ತಿಗೆ ತಲೆಯೆತ್ತಿ ಬಹಳ ಹೊತ್ತು ನೋಡಿದಳು. "ಕೋಟು ನಮ್ದು. ಪೊರಕೆ ನಮ್ದು. ಮುಖ ಮಾತ್ರ ಯಾರ್ದಾದ್ರೂ ಆಗ್ಲಿ ಅಂತೀಯ."

"ಹಾಗಲ್ಲ ಅಮ್ಮ..."

"ಚಿಕ್ಕತ್ತೆ" ಎಂದು ಸೊಸೆ ನನ್ನ ತೋಳು ಹಿಡಿದಳು. "ನನಗೆ ಈಗ್ಲೇ ಬರ್ತಿದೆ."

ನಾನು ಕನ್ನಡಕದವಳ ಕಡೆ ತಿರುಗಿದೆ. "ಇವಳೀಗ ಎಲ್ಲಿಗೆ ಹೋಗ್ಬೇಕು?"

ಅವಳು ಸುತ್ತ ನೋಡಿದಳು. ದೀಪ ನೋಡಿದಳು, ಬೆಂಚು ನೋಡಿದಳು. ಅವಳ ಮುಖ ಬಿಳಿಚಿತು. ಅಲ್ಲಿಯ ತನಕ ಅವಳಿಗೆ ಅದು ಹೊಳೆದೇ ಇರಲಿಲ್ಲ. ನಮ್ಮ ದುಃಖದ ಬಗ್ಗೆ ಅಷ್ಟು ಯೋಚಿಸಿದವಳು ನಮ್ಮ ಉಚ್ಚೆಯ ಬಗ್ಗೆ ಯೋಚಿಸಿರಲಿಲ್ಲ.

"ಉದ್ಘಾಟನೆಗೆ ನಗರಸಭೆಯ ದೊಡ್ಡ ಅಧಿಕಾರಿ ಬರ್ತಾರೆ" ಎಂದಳು ಕೊನೆಗೆ. "ಅಲ್ಲೇ ಕೇಳೋಣ. ಎಲ್ಲರ ಎದುರಿಗೆ ಕೇಳಿದ್ರೆ ಅವರು ಇಲ್ಲ ಅನ್ನಕ್ಕಾಗಲ್ಲ. ಅಲ್ಲಿ ತನಕ..."

ಸೊಸೆ ಆವತ್ತು ಎರಡು ಬೀದಿ ದಾಟಿ, ಪಾಳು ಬಿದ್ದ ಒಂದು ಗೂಡಂಗಡಿಯ ಹಿಂದೆ ಕೂತಳು. ಅಲ್ಲಿ ನಾಯಿ ಮರಿ ಹಾಕಿತ್ತು. ಅದು ಹಲ್ಲು ಕಿರಿಯಿತು. ಸೊಸೆ ಎದ್ದು ಬಂದಳು.

ಚಿತ್ರ ಪೇಪರಿನಲ್ಲಿ ಬಂತು. ಫೋನುಗಳಲ್ಲಿ ಓಡಾಡಿತು. ಚಿತ್ರದ ಕೆಳಗೆ ಅದರ ಅರ್ಥವನ್ನೂ ಬರೆದಿದ್ದರು, ಒಳ್ಳೆಯ ಭಾಷೆಯಲ್ಲಿ. 'ಶೌಚಾಲಯವಿಲ್ಲದ ನಗರದಲ್ಲಿ ಒಬ್ಬಳಿಗೊಬ್ಬಳು ಗೋಡೆಯಾಗುವ ಹೆಂಗಸರು.' ನಾನು ಓದಿ ಅತ್ತಿಗೆಗೆ ಹೇಳಿದೆ. "ಚೆನ್ನಾಗಿ ಬರ್ದಿದ್ದಾರೆ" ಎಂದಳು. "ಮನೆಯ ಕಳ್ಳಗಂಡಿ ಎಲ್ಲಿದೆ ಅಂತ ಡಂಗುರ ಸಾರೋಕೆ ಇಷ್ಟು ಒಳ್ಳೆ ಭಾಷೆ ಬೇಕಿತ್ತಾ?"

ಅಂಗಳ ಹೋಯಿತು, ಹೋಗಲಿ. ಊರು ದೊಡ್ಡದು, ಕತ್ತಲು ಇನ್ನೂ ಅಲ್ಲಲ್ಲಿ ಉಳಿದಿತ್ತು. ರೈಲ್ವೆ ಕೆಳಸೇತುವೆಯ ಪಕ್ಕದಲ್ಲಿ ಒಂದು ತಿರುವು ಹುಡುಕಿದೆವು. ನೀರು ನಿಲ್ಲುವ ಜಾಗ, ಆದರೂ ಆದೀತು. ಗೋಡೆ ಕಟ್ಟಿದೆವು. ಬೆನ್ನು ಹಾಕಿ, ಕೋಟು ಅಗಲಿಸಿ, ಪೊರಕೆ ಊರಿ. ರೇಡಿಯೊ ತನ್ನ ಗಂಡನ ಗೊರಕೆಯ ಕಥೆ ತೆಗೆದಳು. ಸೊಸೆ ಕೂತಳು. ಈಗ ಅವಳಿಗೆ ಕೂರಲು ಹೊತ್ತು ಬೇಕು, ಏಳಲು ಇನ್ನೂ ಹೊತ್ತು ಬೇಕು.

ಒಂದು ಕಾರು ಹೋಯಿತು. ಸ್ವಲ್ಪ ಮುಂದೆ ನಿಂತಿತು. ಹಿಂದಕ್ಕೆ ಬಂತು.

"ಏ! ಆ ಚಿತ್ರದೋರು ಕಣೋ!"

ಮೊದಲೆಲ್ಲ ಮೂವರು ಹೆಂಗಸರು ಹಾಗೆ ನಿಂತರೆ ಜನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಜಗಳವೋ, ಹುಚ್ಚೋ, ಕಸದವರ ಪಾಡೋ, ನಮಗ್ಯಾಕೆ ಎಂದು. ನಮ್ಮ ಗೋಡೆ ನಿಂತಿದ್ದೇ ಆ ತಾತ್ಸಾರದ ಮೇಲೆ. ಈಗ ಊರಿಗೆಲ್ಲ ಪಾಠವಾಗಿತ್ತು. ಹೀಗೆ ನಿಂತರೆ ಹಿಂದೆ ಒಬ್ಬಳು ಕೂತಿರುತ್ತಾಳೆ ಎಂದು ಮೂರಾಳೆತ್ತರದಲ್ಲಿ ಬರೆದುಕೊಟ್ಟಿದ್ದರು.

ಫೋನಿನ ಬೆಳಕು ಬಿತ್ತು. "ಅಕ್ಕಾ, ಸ್ವಲ್ಪ ಹಂಗೇ ಇರಿ!" ಎಂದ ಒಬ್ಬ, ಮರ್ಯಾದೆಯಿಂದಲೇ. ಇನ್ನೊಬ್ಬ ಬಗ್ಗಿ ನಮ್ಮ ಕಾಲುಗಳ ಸಂದಿಯಿಂದ ನೋಡಿದ. "ಸೂರ್ಯ ಎಲ್ಲೋ?" ಎಂದ. ನಕ್ಕರು. ಅತ್ತಿಗೆ ಪೊರಕೆ ಬೀಸಿದಳು. ಕಾರಿನ ಕನ್ನಡಿಗೆ ಬಿತ್ತು. ಅವರು ಬೈಯುತ್ತಾ ಹೋದರು.

ಸೊಸೆ ಅರ್ಧದಲ್ಲಿ ಎದ್ದಿದ್ದಳು. ಬಟ್ಟೆ ಒದ್ದೆಯಾಗಿತ್ತು, ಚಪ್ಪಲಿ ಒದ್ದೆಯಾಗಿತ್ತು. ಅಳಲಿಲ್ಲ. ಬೆಳಗಾಗುವ ತನಕ ಹಾಗೇ ಗುಡಿಸಿದಳು. ನಡೆಯುವಾಗ ಚಪ್ಪಲಿ ಪಚಕ್ ಪಚಕ್ ಎನ್ನುತ್ತಿತ್ತು.

ಆವತ್ತಿನಿಂದ ಸೊಸೆ ನೀರು ಕುಡಿಯುವುದನ್ನು ಬಿಟ್ಟಳು. ಮಧ್ಯಾಹ್ನವೇ ಬಾಯಿ ಕಟ್ಟಿಕೊಳ್ಳುತ್ತಿದ್ದಳು. ಸ್ವಲ್ಪ ದಿನಕ್ಕೆ ಉರಿ ಶುರುವಾಯಿತು, ಸೊಂಟ ಸೆಳೆತ, ಮೈ ಬೆಚ್ಚಗೆ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಗುಳಿಗೆ ಬರೆದಳು. "ಸೋಂಕು ಮೇಲೆ ಹತ್ತಿದ್ರೆ ಮಗೂಗೆ ಒಳ್ಳೇದಲ್ಲ. ಚೆನ್ನಾಗಿ ನೀರು ಕುಡೀಬೇಕು. ಬಂದಾಗ ತಡ್ಕೋಬಾರ್ದು. ತಕ್ಷಣ ಹೋಗ್ಬೇಕು."

"ಎಲ್ಲಿಗೆ?" ಎಂದಳು ಸೊಸೆ.

ಡಾಕ್ಟರಮ್ಮ ಅದು ತಮಾಷೆ ಎಂದುಕೊಂಡಳು.

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವಳು ಬೇಳೆ ಆರಿಸುತ್ತಿದ್ದಳು. ಆರಿಸುತ್ತಲೇ, "ಹಗಲು ಪಾಳಿ ಕೇಳಿದ್ನಲ್ಲ, ಮೇಸ್ತ್ರಿ ಕೊಡಲ್ಲ ಅಂದ. ಉದ್ಘಾಟನೆ ದಿನ ಕೇಳ್ತೀನಿ. ದೊಡ್ಡೋರನ್ನೇ ಕೇಳ್ತೀನಿ" ಎಂದಳು.

"ಮಾತಾಡೋಕೆ ಬಿಡ್ತಾರಾ ಅತ್ತಿಗೆ?"

"ಬಿಡೋದೇನು? ನಮ್ಮ ಚಿತ್ರ ತಾನೆ?"

ಉದ್ಘಾಟನೆಯ ಸಂಜೆ ಮೇಸ್ತ್ರಿ ನಮಗೆ ಒಗೆದ ಕೋಟು ಕೊಟ್ಟ. ಇಸ್ತ್ರಿ ಮಾಡಿಸಿದ್ದ. ಜೀವಮಾನದಲ್ಲಿ ಮೊದಲ ಸಲ ನಮ್ಮ ಕೋಟಿಗೆ ಮಡಿಕೆಯ ಗೆರೆ ಬಂದಿತ್ತು. "ನಗಾಡಬೇಡಿ, ಕೆಮ್ಮಬೇಡಿ. ಹೇಳಿದಾಗ ಚಿತ್ರದ ಮುಂದೆ ಚಿತ್ರದ ಥರಾನೇ ನಿಲ್ಲಬೇಕು. ಫೋಟೊ ತೆಗೀತಾರೆ" ಎಂದ. ಸೊಸೆಗೆ, "ನೀನು ಪಕ್ಕಕ್ಕಿರು, ಹೊಟ್ಟೆ ಕಾಣುತ್ತೆ" ಎಂದ.

ಅಂಗಳ ತುಂಬಿತ್ತು. ಕುರ್ಚಿ ಹಾಕಿದ್ದರು. ಕೂತವರೆಲ್ಲ ಒಳ್ಳೆಯ ಜನ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಡ್ಡಿ ಚುಚ್ಚಿದ ತಿಂಡಿ ತಟ್ಟೆಯಲ್ಲಿ ಓಡಾಡಿತು. ಬಣ್ಣದ ಪಾನಕ ಓಡಾಡಿತು. ಕುಡಿದವರು ಹೋಗಲೆಂದು ಅಂಗಳದ ಹೊರಗೆ, ಚಕ್ರದ ಮೇಲೆ ನಿಲ್ಲಿಸುವ ಒಂದು ಶೌಚಾಲಯದ ಗಾಡಿ ತರಿಸಿದ್ದರು. ಬಿಳಿ ಬಾಗಿಲು. ಅದರ ಮುಂದೆ ಒಬ್ಬ ಕಾವಲುಗಾರ. ಸೊಸೆ ಅದನ್ನು ನೋಡಿ ಹತ್ತಿರ ಹೋದಳು.

"ಗೆಸ್ಟ್‌ಗಳಿಗೆ" ಎಂದ ಅವನು.

ಅವಳು ವಾಪಸ್ಸು ಬಂದು ನನ್ನ ಪಕ್ಕ ನಿಂತಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

ಅಧಿಕಾರಿ ಮಾತಾಡಿದರು. ಹೆಣ್ಣು, ಘನತೆ, ನಗರ, ಬೆಳಕು ಎಂಬ ಪದಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದರು. ಕತ್ತಲ ಮೂಲೆಯೊಂದಕ್ಕೆ ಬೆಳಕು ತಂದ ಕಲಾವಿದರನ್ನು ಮೆಚ್ಚಿದರು. ಊರಿನ ಎಲ್ಲ ಕತ್ತಲ ಮೂಲೆಗಳಿಗೂ ಹೀಗೆ ದೀಪ ಹಾಕಿಸುವುದಾಗಿ ಮಾತು ಕೊಟ್ಟರು. ಚಪ್ಪಾಳೆ ಬಿತ್ತು. ರೇಡಿಯೊ ನನ್ನ ಕಿವಿಯಲ್ಲಿ, "ಮುಗೀತಲ್ಲೇ ನಮ್ಮ ಕಥೆ" ಎಂದಳು.

ಆಮೇಲೆ ನಮ್ಮನ್ನು ಕರೆದರು. ಮೂವರೂ ಹೋಗಿ ಚಿತ್ರದ ಮುಂದೆ ನಿಂತೆವು. ನಮ್ಮ ಹಿಂದೆ ನಾವೇ, ಮೂರು ಪಟ್ಟು ದೊಡ್ಡದಾಗಿ. ನೆಲದ ದೀಪ ಕಣ್ಣು ಕುಕ್ಕುತ್ತಿತ್ತು. "ಕೋಟು ಅಗಲಿಸಿ ಅಮ್ಮ. ಹಾಂ, ಪೊರಕೆ ಸ್ವಲ್ಪ ಮೇಲೆ" ಎಂದ ಗಡ್ಡದವನು. ನಾನು ಅಗಲಿಸಿದೆ. ರೇಡಿಯೊ ಅಗಲಿಸಿದಳು. ಅತ್ತಿಗೆ ಅಗಲಿಸಲಿಲ್ಲ.

ಅವಳು ಪೊರಕೆಯನ್ನು ನೆಲಕ್ಕಿಟ್ಟಳು. ಒಗೆದ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೆ ಒಂದೊಂದಾಗಿ ಹಾಕಿಕೊಂಡಳು.

"ನಾನು ನಿಲ್ಲಲ್ಲ" ಎಂದಳು.

"ಅಮ್ಮ, ಒಂದೇ ನಿಮಿಷ..."

"ಹುಟ್ಟಿದಾಗಿನಿಂದ ನಿಂತಿದ್ದೀನಿ. ಇವತ್ತು ನೀವು ನಿಲ್ಲಿ." ಮೈಕು ಬೇಕಾಗಲಿಲ್ಲ. ಅತ್ತಿಗೆಯ ಗಂಟಲು ಮೂರು ಬೀದಿಗೆ ಕೇಳುತ್ತದೆ. "ಚೆನ್ನಾಗಿದೆ ಅಂದ್ರಲ್ಲ, ನಾವು ನಿಲ್ಲೋದು? ಹಾಗಾದ್ರೆ ಎದ್ದೇಳಿ. ಎಲ್ಲರೂ ಎದ್ದೇಳಿ. ನನ್ನ ಸೊಸೆ ಬಸುರಿ. ಅವಳಿಗೆ ಒಂದಕ್ಕೆ ಹೋಗ್ಬೇಕು. ಇದು ಅವಳು ಹೋಗ್ತಿದ್ದ ಜಾಗ. ಈ ಬೆಂಚಿನ ಕೆಳಗಿನ ಮೋರೀನೇ. ದೀಪ ಹಾಕಿದ್ದು ನೀವು, ಗೋಡೆ ಕಟ್ಟೋರೂ ನೀವೇ ಆಗಿ. ಬೆನ್ನು ತಿರುಗಿಸಿ ನಿಲ್ಲಿ. ಸಾಹೇಬ್ರೇ, ನೀವೂನು. ನಾಚ್ಕೋಬೇಡಿ. ನಮಗೇ ಇಲ್ಲ, ನಿಮಗ್ಯಾಕೆ?"

ಗಾಡಿಯ ಶೌಚಾಲಯದೊಳಗೆ ಯಾರೋ ನೀರು ಬಿಟ್ಟದ್ದು ಕೇಳಿಸಿತು.

ಮೊದಲು ಎದ್ದವಳು ಕನ್ನಡಕದವಳು. ಅಳುತ್ತಿದ್ದಳು. ಸೊಸೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ, ಎರಡೂ ಕೈ ಅಗಲಿಸಿ ನಿಂತಳು. ಅವಳ ಮೈಮೇಲೆ ಕೋಟಿರಲಿಲ್ಲ. ಕೈಗಳು ತೆಳ್ಳಗೆ, ಅವುಗಳ ಆಚೆ ಈಚೆ ಎಲ್ಲ ಕಾಣುತ್ತಿತ್ತು.

ಅವಳ ಪಕ್ಕಕ್ಕೆ ಯಾರಾದರೂ ಬರುತ್ತಾರೆ ಎಂದು ನೋಡಿದೆ. ಅತ್ತಿಗೆಯೂ ನೋಡಿದಳು.

ಮುಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡಿರಬೇಕು. ಹಿಂದಿನವರು ಅವರನ್ನು ನೋಡಿ ತಟ್ಟಿದರು. ಚಪ್ಪಾಳೆ ಹಬ್ಬಿತು. ಎದ್ದರು, ನಿಜ, ಎಲ್ಲರೂ ಎದ್ದರು. ಎದ್ದು ತಟ್ಟಿದರು. ತಟ್ಟದವರ ಕೈಯಲ್ಲಿ ಫೋನಿತ್ತು. ತುಪ್ಪಳದ ಮೈಕು ಅತ್ತಿಗೆಯ ಬಾಯಿಯ ಹತ್ತಿರ ಬಂತು. ಗಡ್ಡದವನು ಕ್ಯಾಮೆರಾ ಹಿಂದಿನಿಂದ, "ಅದ್ಭುತ, ಅದ್ಭುತ" ಎನ್ನುತ್ತಿದ್ದ. ಬೆನ್ನು ತಿರುಗಿಸಿದ ಇನ್ನೊಬ್ಬರು ಅಧಿಕಾರಿ. ಅವರು ತಮ್ಮ ಕಾರಿನ ಕಡೆ ಹೊರಟಿದ್ದರು. ಮೇಸ್ತ್ರಿ ಅವರ ಹಿಂದೆ ಓಡುತ್ತಿದ್ದ.

ನಾನೂ ರೇಡಿಯೊನೂ ಕೋಟು ಬಿಚ್ಚಿಕೊಂಡು ಸೊಸೆಯ ಹತ್ತಿರ ಓಡಿದೆವು. ಅತ್ತಿಗೆಯೂ ಬಂದಳು. ಮೂವರು ನಾವು, ನಾಲ್ಕನೆಯವಳು ಕನ್ನಡಕದವಳು. ಆದರೆ ಆ ಬೆಳಕಿನಲ್ಲಿ, ಅಷ್ಟು ಜನ ಕೈಯೆತ್ತಿ ಫೋನು ಹಿಡಿದಿರುವಾಗ, ನಾಲ್ಕು ಬೆನ್ನಿನಿಂದ ಗೋಡೆ ಆಗುವುದಿಲ್ಲ.

"ಬೇಡ ಅತ್ತೆ" ಎಂದಳು ಸೊಸೆ. ಹಲ್ಲು ಕಚ್ಚಿಕೊಂಡಿದ್ದಳು. "ಆಯ್ತು. ಆಗ್ಲೇ ಆಗ್ಹೋಯ್ತು."

ಚಪ್ಪಡಿಯ ಮೇಲೆ ಅವಳ ಕಾಲಿನ ಸುತ್ತ ನೀರು ಹರಡಿತ್ತು. ಹೊಸ ಕಲ್ಲು, ಇಳಿಜಾರಿಲ್ಲ. ಹರಿದು ಹೋಗಲಿಲ್ಲ.

ಅತ್ತಿಗೆ ಸೊಸೆಯ ಹೆಗಲ ಮೇಲೆ ಕೈಹಾಕಿ, ಜನರ ನಡುವಿನಿಂದಲೇ ನಡೆಸಿಕೊಂಡು ಹೋದಳು. ಜನ ದಾರಿ ಬಿಟ್ಟರು. ಕೆಲವರು ತಲೆ ಬಾಗಿಸಿದರು. ಒಬ್ಬ ಹೆಂಗಸು ಅತ್ತಿಗೆಯ ಕೈ ಹಿಡಿದು, "ನೀವು ನಿಜವಾದ ಕಲಾವಿದೆ" ಎಂದಳು. ಅತ್ತಿಗೆ ಕೈ ಬಿಡಿಸಿಕೊಂಡಳು.

ರಾತ್ರಿ ಎಲ್ಲರೂ ಹೋದ ಮೇಲೆ ನಾನೂ ರೇಡಿಯೊನೂ ಅಂಗಳ ಗುಡಿಸಿದೆವು. ಅದು ನಮ್ಮ ಪಾಳಿ. ತಿಂಡಿಯ ಕಡ್ಡಿಗಳು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು, ಕೈಯಿಂದಲೇ ಕೀಳಬೇಕಾಯಿತು. ಕನ್ನಡಕದವಳು ಬೆಂಚಿನ ಮೇಲೆ ಕೂತೇ ಇದ್ದಳು.

"ನಾನು ಇದನ್ನ ಅಳಿಸಿಬಿಡ್ತೀನಿ" ಎಂದಳು. "ಸುಣ್ಣ ಹೊಡೆದುಬಿಡ್ತೀನಿ ಅಕ್ಕ."

"ಚಿತ್ರ ಅಳಿಸ್ತೀಯ. ನೋಡಿದ್ದು ಹೇಗೆ ಅಳಿಸ್ತೀಯ?" ಎಂದೆ.

ಅವಳು ಮರುದಿನ ಸುಣ್ಣದ ಬಕೆಟ್ಟಿನೊಂದಿಗೆ ಬಂದಳಂತೆ. ಗೋಡೆ ಈಗ ನಗರಸಭೆಯದು, ಅದಕ್ಕೆ ಕೈ ಹಚ್ಚುವ ಹಾಗಿಲ್ಲ ಎಂದು ಕಾವಲುಗಾರ ಅವಳನ್ನು ಹೊರಗೆ ಕಳಿಸಿದನಂತೆ. ಅವಳು ಬಹಳ ಹೊತ್ತು ಜಗಳಾಡಿದಳಂತೆ. ಮತ್ತೆ ಆ ಕಡೆ ಬರಲಿಲ್ಲ.

ಅತ್ತಿಗೆ ಆಡಿದ ಮಾತಿನ ವಿಡಿಯೊವನ್ನು ಲಕ್ಷಗಟ್ಟಲೆ ಜನ ನೋಡಿದರು. ಅದರಲ್ಲಿ ಸೊಸೆಯ ಕಾಲಿನ ಭಾಗವನ್ನು ಮಬ್ಬು ಮಾಡಿದ್ದರು, ಘನತೆಯ ದೃಷ್ಟಿಯಿಂದ. ಗಡ್ಡದವನಿಗೆ ಬೇರೆ ದೇಶದಿಂದ ಕರೆ ಬಂತು. ಅಲ್ಲಿಯ ರಾತ್ರಿ ಹುಡುಕಲು ಹೋದ.

ಅತ್ತಿಗೆಯನ್ನು ಕೆಲಸದಿಂದ ತೆಗೆದರು. ಕಾರಣ, ಸಾರ್ವಜನಿಕ ಸಮಾರಂಭದಲ್ಲಿ ಅಸಭ್ಯ ವರ್ತನೆ. ಸೊಸೆಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಮಗು ಸಣ್ಣದು, ಬದುಕಿದೆ. ಅತ್ತಿಗೆ ಅದನ್ನು ನೋಡಿಕೊಳ್ಳುತ್ತಾಳೆ. ಸೊಸೆಯ ಜಾಗಕ್ಕೂ ಅತ್ತಿಗೆಯ ಜಾಗಕ್ಕೂ ಹೊಸಬರು ಬಂದಿದ್ದಾರೆ. ಅಧಿಕಾರಿ ಮಾತಿಗೆ ತಪ್ಪಲಿಲ್ಲ, ನಮ್ಮ ಪಾಳಿಯ ಬೀದಿಗಳ ಕತ್ತಲ ಮೂಲೆಗಳಿಗೆಲ್ಲ ದೀಪ ಬಂದಿದೆ. ಕೋಣೆ ಕಟ್ಟಲಿಲ್ಲ. ಹೊಸಬರೂ ಸೇರಿ ನಾವು ನಾಲ್ವರೂ ಮಧ್ಯಾಹ್ನದ ಮೇಲೆ ನೀರು ಕುಡಿಯುವುದಿಲ್ಲ.